ಏರಿಳಿಯುವ ನೀರಿನಂಚಿನಲ್ಲಿ ಜೀವಂತ ದಂಡೆ: ತುಂಗಭದ್ರಾ ತೀರದವರಿಗೆ ಅಳತೆಯ ಸಮಗ್ರ ಮಾರ್ಗದರ್ಶಿ

ತುಂಗಭದ್ರಾ ಜಲಾಶಯದ ಕೊಪ್ಪಳ ಕಡೆಯ ಹಿನ್ನೀರಿನಲ್ಲಿ, ತುಂಬಿದ ವರ್ಷದ ಆಗಸ್ಟ್ ತಿಂಗಳಲ್ಲಿ ಹೊಲದ ಬದುವಿಗೆ ತಾಗಿ ನಿಂತಿದ್ದ ನೀರನ್ನು ಮೇ ತಿಂಗಳಲ್ಲಿ ಹುಡುಕಿಕೊಂಡು ಹೋಗಬೇಕಾಗುತ್ತದೆ. ಬಿರುಕು ಬಿಟ್ಟ ಕೆಸರಿನ ಮೇಲೆ ಬಹುದೂರ ನಡೆದ ಮೇಲೆ ನೀರಿನಂಚು ಸಿಗುತ್ತದೆ. ಅಲ್ಲಿಗೆ ತಲುಪುವ ಹೊತ್ತಿಗೆ ಕೈಯಲ್ಲಿರುವ ನಕ್ಷೆಯಲ್ಲಿ ‘ತೀರ’ ಎಂದು ಗುರುತಿಸಿದ ಗೆರೆ ಬೆನ್ನ ಹಿಂದೆ ಎಲ್ಲೋ ಉಳಿದಿರುತ್ತದೆ. ಇಂಥ ದಂಡೆಯಲ್ಲಿ ಹುಲ್ಲು, ಪೊದೆ, ಮರಗಳನ್ನು ನೆಟ್ಟು ಮಣ್ಣು ಹಿಡಿದಿಡುವ ಕೆಲಸ ಮಾಡಿದವರು, ಅದು ಫಲ ಕೊಟ್ಟಿತೇ ಇಲ್ಲವೇ ಎಂದು ತಿಳಿಯಲು ವರ್ಷಕ್ಕೊಮ್ಮೆ ಒಂದೇ ತಾರೀಖಿಗೆ ಹೋಗಿ ಫೋಟೋ ತೆಗೆದುಕೊಂಡು ಬಂದರೆ ಏನೂ ತಿಳಿಯುವುದಿಲ್ಲ. ನಮ್ಮ ಭಾಗದಲ್ಲಿ ತಾರೀಖಿಗಿಂತ ನೀರಿನ ಮಟ್ಟ ಮುಖ್ಯ. ಈ ಬರಹದಲ್ಲಿ ಹೇಳಿರುವ ವಿಧಾನಗಳೆಲ್ಲವೂ ಆ ಒಂದು ಮಾತನ್ನು ಆಧರಿಸಿವೆ.

‘ಜೀವಂತ ದಂಡೆ’ ಎಂಬ ಕಲ್ಪನೆ ಬೆಳೆದದ್ದು ಉಪ್ಪುನೀರಿನ ಕರಾವಳಿಗಳಲ್ಲಿ. ಅಮೆರಿಕದ ಚೆಸಪೀಕ್ ಕೊಲ್ಲಿಯಂಥ ಕಡೆ ಸಿಮೆಂಟಿನ ತಡೆಗೋಡೆಯ ಬದಲು ಜವುಗು ಹುಲ್ಲು, ಸಿಂಪಿಗಳ ದಿಬ್ಬ, ನಾರಿನ ಉರುಳೆ ಮತ್ತು ತಗ್ಗಾದ ಕಲ್ಲಿನ ಸಾಲನ್ನು ಬಳಸಿ ಅಲೆಯ ಹೊಡೆತವನ್ನು ಕುಗ್ಗಿಸುತ್ತಾರೆ. ಸಿಂಪಿಯಾಗಲಿ, ಉಬ್ಬರವಿಳಿತವಾಗಲಿ ಇಲ್ಲದ ಕೊಪ್ಪಳದಲ್ಲಿ ಇದಕ್ಕೆ ಹೊಂದುವ ಸಾಮಗ್ರಿ ಬೇರೆ: ಕೆಳಗಡೆ ಜೇಕು ಮತ್ತು ಆಪು ಎಂಬ ನೀರಂಚಿನ ಹುಲ್ಲುಗಳು, ನಡುವೆ ಲಕ್ಕಿ ಮತ್ತು ಕರಿಜಾಲಿ, ಮೇಲ್ಗಡೆ ಹೊಂಗೆ, ಹೊಳೆಮತ್ತಿ, ಅತ್ತಿ, ನೇರಳೆ, ಬುಡದಲ್ಲಿ ತೆಂಗಿನ ನಾರಿನ ಉರುಳೆ ಅಥವಾ ಒಂದೆರಡು ವರಸೆ ಕಲ್ಲು. ಕರಾವಳಿಯವರು ದಿನಕ್ಕೆರಡು ಬಾರಿ ಕಾಣುವ ಏರಿಳಿತವನ್ನು ನಾವು ವರ್ಷಕ್ಕೊಮ್ಮೆ ಕಾಣುತ್ತೇವೆ. ಆದ್ದರಿಂದ ಅವರ ಅಳತೆಯ ಪದ್ಧತಿಗಳನ್ನು ತರಬಹುದು, ಆದರೆ ಅವರ ವೇಳಾಪಟ್ಟಿಯನ್ನು ತರಲಾಗದು.

ಕೆಲಸಕ್ಕೆ ಮುಂಚೆ

ಮೊದಲು ಜಾಗ ಯಾರದು ಎಂದು ತಿಳಿದುಕೊಳ್ಳಬೇಕು. ಅಣೆಕಟ್ಟೆಯ ಕೆಳಗೆ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ನದಿಪಾತ್ರವು 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವಾಗಿದೆ. ಅಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಗೂಟ ಹೊಡೆಯುವುದು, ಕ್ಯಾಮೆರಾ ಕಟ್ಟುವುದು ಸಲ್ಲದು. ಕೆರೆಯಾದರೆ ಅದು ಗ್ರಾಮ ಪಂಚಾಯತಿಯದೋ, ಸಣ್ಣ ನೀರಾವರಿ ಇಲಾಖೆಯದೋ ಎಂದು ಕೇಳಿ ಬರಹದಲ್ಲಿ ಒಪ್ಪಿಗೆ ಪಡೆಯಬೇಕು. ಮೂರು ವರ್ಷ ಅಳತೆ ಮಾಡಿದ ದಂಡೆಯ ಮೇಲೆ ಒಂದು ದಿನ ಹೂಳೆತ್ತುವ ಯಂತ್ರ ಹಾಯ್ದು ಹೋಗುವುದನ್ನು ತಡೆಯಲು ಆ ಒಂದು ಹಾಳೆಯೇ ಕೆಲಸಕ್ಕೆ ಬರುತ್ತದೆ.

ಸುರಕ್ಷತೆಯ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ, ಆದರೆ ಹಗುರವಾಗಿ ಅಲ್ಲ. ತುಂಗಭದ್ರೆಯಲ್ಲೂ ಕೃಷ್ಣೆಯಲ್ಲೂ ಮೊಸಳೆಗಳಿವೆ. ಅಣೆಕಟ್ಟೆಯ ಕ್ರಸ್ಟ್ ಗೇಟುಗಳನ್ನು ತೆರೆದರೆ ಕೆಳಗಿನ ನದಿ ಬೇಗನೆ ಏರುತ್ತದೆ. 2019ರ ಆಗಸ್ಟ್‌ನಲ್ಲಿ ಹಂಪಿಯ ಎದುರಿನ ನದಿನಡುಗಡ್ಡೆ ವಿರೂಪಾಪುರ ಗಡ್ಡೆಯಲ್ಲಿ ಸಿಕ್ಕಿಬಿದ್ದ ನೂರಾರು ಜನರನ್ನು ಹೊರತರಬೇಕಾಗಿ ಬಂದದ್ದು ಈ ಭಾಗದವರಿಗೆ ನೆನಪಿರಬಹುದು. ಒಬ್ಬರೇ ಹೋಗಬಾರದು, ಮೊಣಕಾಲು ಮೀರಿದ ನೀರಿಗೆ ಇಳಿಯಬಾರದು, ಹೊರಹರಿವಿನ ಸುದ್ದಿ ತಿಳಿಯದೆ ನದಿಪಾತ್ರಕ್ಕೆ ಕಾಲಿಡಬಾರದು.

ಇನ್ನು ಪ್ರಶ್ನೆ. ‘ಪರಿಸರಕ್ಕೆ ಒಳ್ಳೆಯದಾಯಿತೇ’ ಎಂಬುದು ಅಳೆಯಬಹುದಾದ ಪ್ರಶ್ನೆಯಲ್ಲ. ‘ದಂಡೆ ಹಿಂದೆ ಸರಿಯುವುದು ಕಡಿಮೆಯಾಯಿತೇ, ನೆಟ್ಟದ್ದು ಎರಡು ಮುಳುಗಡೆ ದಾಟಿ ಬದುಕಿತೇ, ಹೊಲದಿಂದ ಬರುವ ನೀರು ನೆಟ್ಟ ಪಟ್ಟಿಯನ್ನು ದಾಟುವಾಗ ತಿಳಿಯಾಯಿತೇ, ಅಂಚಿನ ನೀರಿನಲ್ಲಿ ಮೀನುಮರಿಗಳು ಹೆಚ್ಚಾದವೇ’ ಎಂಬ ನಾಲ್ಕು ಪ್ರಶ್ನೆಗಳು ಒಂದು ಸಣ್ಣ ತಂಡಕ್ಕೆ ಸಾಕು. ಹತ್ತು ಸಂಗತಿಗಳನ್ನು ಒಂದು ವರ್ಷ ಅಳೆಯುವುದಕ್ಕಿಂತ ನಾಲ್ಕನ್ನು ಐದು ವರ್ಷ ಅಳೆಯುವುದು ಮೇಲು.

ಮಟ್ಟವನ್ನು ಕಟ್ಟಿಕೊಳ್ಳುವುದು

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಹೆಚ್ಚಿನವರು ಹಾರಿಸಿ ಮುಂದೆ ಹೋಗುವ ಹಂತವೂ ಇದೇ.

ತುಂಗಭದ್ರಾ ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1,633 ಅಡಿ. ಪ್ರತಿದಿನದ ಮಟ್ಟ, ಒಳಹರಿವು, ಹೊರಹರಿವುಗಳನ್ನು ತುಂಗಭದ್ರಾ ಮಂಡಳಿ ಪ್ರಕಟಿಸುತ್ತದೆ, ಸ್ಥಳೀಯ ಪತ್ರಿಕೆಗಳಲ್ಲೂ ಅವು ಬರುತ್ತವೆ. ಗಾಳಿಯಿಲ್ಲದ ಒಂದು ಮುಂಜಾನೆ ನಿಮ್ಮ ಜಾಗಕ್ಕೆ ಹೋಗಿ, ನೀರಿನಂಚು ನಿಂತ ಕಡೆ ಗೂಟ ಹೊಡೆದು, ಆ ದಿನದ ಮಟ್ಟವನ್ನು ಅದಕ್ಕೆ ಬರೆಯಿರಿ. ಅಲ್ಲಿಂದ ಮೇಲಕ್ಕೆ ಗೌಂಡಿಗಳು ಬಳಸುವ ಲೆವೆಲ್ ಪೈಪು ಹಿಡಿದು ಹೋದರೆ ಇಡೀ ದಂಡೆಯ ಎತ್ತರಗಳು ಅಡಿ ಲೆಕ್ಕದಲ್ಲಿ ಸಿಗುತ್ತವೆ. ಪೈಪಿನಲ್ಲಿ ಗಾಳಿಗುಳ್ಳೆ ಇರಬಾರದು. ನೀರಿಗೆ ಸ್ವಲ್ಪ ಕುಂಕುಮ ಬೆರೆಸಿದರೆ ಬಿಸಿಲಿನಲ್ಲೂ ಗೆರೆ ಕಾಣುತ್ತದೆ. ಪಕ್ಕದಲ್ಲಿ ಅಲುಗದ ಬಂಡೆಯಿದ್ದರೆ ಅದರ ಮೇಲೆ ಬಣ್ಣದಿಂದ ಒಂದು ಖಾಯಂ ಗುರುತು ಹಾಕಿ, ಅದರ ಎತ್ತರವನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ. ಅಣೆಕಟ್ಟೆಯ ಕೆಳಗಿನ ನದಿಯಲ್ಲಿ ಕೆಲಸ ಮಾಡುವವರಿಗೆ ಜಲಾಶಯದ ಮಟ್ಟದಿಂದ ಉಪಯೋಗವಿಲ್ಲ. ಅವರು ಒಂದು ಬಂಡೆಯ ಮೇಲೆ ಸೆಂಟಿಮೀಟರ್ ಗೆರೆಗಳನ್ನು ಬರೆದು ತಮ್ಮದೇ ಅಳತೆಗೋಲು ಮಾಡಿಕೊಳ್ಳಬೇಕು. ಆನೆಗೊಂದಿಯ ಸುತ್ತ ಗ್ರಾನೈಟ್ ಬಂಡೆಗೆ ಬರಗಾಲವಿಲ್ಲ, ಆದರೆ ಸ್ಮಾರಕಗಳ ಬಳಿ ಬಣ್ಣದ ಡಬ್ಬಿ ತೆರೆಯಬೇಡಿ.

ಎತ್ತರಗಳು ಕೈಗೆ ಬಂದ ಮೇಲೆ ದಂಡೆಯನ್ನು ಮೂರು ಪಟ್ಟಿಗಳಾಗಿ ಒಡೆಯಿರಿ: ವರ್ಷದ ಬಹುಪಾಲು ಮುಳುಗಿರುವ ಕೆಳಪಟ್ಟಿ, ಕೆಲವು ತಿಂಗಳು ಮುಳುಗುವ ನಡುಪಟ್ಟಿ, ತುಂಬಿದಾಗ ಮಾತ್ರ ನೀರು ಮುಟ್ಟುವ ಮೇಲ್ಪಟ್ಟಿ. ಪ್ರತಿ ಪಟ್ಟಿ ವರ್ಷದಲ್ಲಿ ಎಷ್ಟು ದಿನ ನೀರಿನಡಿ ಇತ್ತು ಎಂಬುದನ್ನು ದೈನಿಕ ಮಟ್ಟದ ಅಂಕಿಗಳಿಂದ ಎಣಿಸಬಹುದು. ಉದಾಹರಣೆಗೆ ನಿಮ್ಮ ಲಕ್ಕಿ ಗಿಡಗಳು 1,625 ಅಡಿಯಲ್ಲಿದ್ದರೆ, ಮಟ್ಟ 1,625 ದಾಟಿದ ದಿನಗಳನ್ನು ಎಣಿಸಿದರಾಯಿತು. ಈ ‘ಮುಳುಗಿದ ದಿನಗಳು’ ಎಂಬ ಅಂಕಣ ಇಲ್ಲದ ಯಾವ ವರದಿಯನ್ನೂ ನಾನು ನಂಬುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋಗಿ, ತುಂಬಿದ್ದ ಜಲಾಶಯದಿಂದ ಅಪಾರ ನೀರು ಹೊರಗೆ ಹರಿಯಿತು. ತಾತ್ಕಾಲಿಕ ಗೇಟು ಇಳಿಸಿದ ಮೇಲೆ ಮಳೆಯ ಕೃಪೆಯಿಂದ ಮತ್ತೆ ತುಂಬಿತು. ಮರುವರ್ಷ ಸುರಕ್ಷತೆಯ ದೃಷ್ಟಿಯಿಂದ ಪೂರ್ಣ ಮಟ್ಟಕ್ಕೆ ನೀರು ನಿಲ್ಲಿಸಲಿಲ್ಲ. ಈ ಎರಡು ವರ್ಷಗಳ ಆಗಸ್ಟ್ ಕೊನೆಯ ಫೋಟೋಗಳನ್ನು ಅಕ್ಕಪಕ್ಕ ಇಟ್ಟು, 2025ರಲ್ಲಿ ಮೇಲ್ಪಟ್ಟಿ ಹಸಿರಾಗಿ ಕಾಣುವುದು ನಮ್ಮ ನೆಡುತೋಪಿನಿಂದ ಎಂದು ಹೇಳಿದರೆ ಅದು ನೀರು ಏರದಿದ್ದುದಕ್ಕೆ ನಮ್ಮ ಹೆಸರು ಹಚ್ಚಿಕೊಂಡಂತೆ.

ಹೋಲಿಕೆಗೆ ಎರಡು ದಂಡೆಗಳು

ನೆಟ್ಟ ದಂಡೆಯ ಜೊತೆಗೆ, ಏನೂ ಮಾಡದೆ ಬಿಟ್ಟ ಅದೇ ಬಗೆಯ ಇನ್ನೊಂದು ದಂಡೆಯನ್ನು ಅಳೆಯಲೇಬೇಕು. ಮಣ್ಣು, ಇಳಿಜಾರು, ಗಾಳಿಗೆ ಮುಖ ಮಾಡಿದ ದಿಕ್ಕು ಮೂರೂ ಹೊಂದಿಕೆಯಾಗಬೇಕು. ಮುಂಗಾರಿನ ನೈರುತ್ಯ ಗಾಳಿಗೆ ಎದುರಾದ ದಂಡೆಯನ್ನೂ ಅದಕ್ಕೆ ಬೆನ್ನು ಹಾಕಿದ ದಂಡೆಯನ್ನೂ ಹೋಲಿಸಿದರೆ ಫಲವಿಲ್ಲ. ಸಾಧ್ಯವಾದರೆ ಮೂರನೆಯದಾಗಿ, ಹಾಳಾಗದೆ ಉಳಿದ ಒಂದು ಹಳೆಯ ದಂಡೆಯನ್ನು ಗುರಿಯಾಗಿ ಇಟ್ಟುಕೊಳ್ಳಬಹುದು. ನೀರಿನಲ್ಲಿ ನಿಲ್ಲುವ ಕರಿಜಾಲಿ ಮರಗಳು ಹಕ್ಕಿಗಳಿಗೆ ಏನಾಗಬಲ್ಲವು ಎಂದು ಕಾಣಬೇಕಾದವರು, ಹಿಂದೆ ಬಳ್ಳಾರಿ ಜಿಲ್ಲೆಯಲ್ಲಿದ್ದು ಈಗ ವಿಜಯನಗರಕ್ಕೆ ಸೇರಿರುವ ಅಂಕಸಮುದ್ರ ಕೆರೆಯನ್ನು ಒಮ್ಮೆ ನೋಡಿ ಬರಬೇಕು. 2024ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು.

ಹೋಲಿಕೆಯ ಲೆಕ್ಕ ಸರಳವಾಗಿದೆ. ನೆಡುವ ಮುಂಚೆ ನಿಮ್ಮ ದಂಡೆ ವರ್ಷಕ್ಕೆ 12 ಸೆಂ.ಮೀ., ಹೋಲಿಕೆಯ ದಂಡೆ 10 ಸೆಂ.ಮೀ. ಹಿಂದೆ ಸರಿಯುತ್ತಿತ್ತು ಎಂದಿಟ್ಟುಕೊಳ್ಳಿ. ನೆಟ್ಟ ನಂತರ ಅವು 5 ಮತ್ತು 8 ಆದವು. ನಿಮ್ಮಲ್ಲಿ 7 ಸೆಂ.ಮೀ. ಕಡಿಮೆಯಾಗಿದೆ, ಆದರೆ ಏನೂ ಮಾಡದ ಕಡೆಯೂ 2 ಸೆಂ.ಮೀ. ಕಡಿಮೆಯಾಗಿದೆ, ಆದ್ದರಿಂದ ಕೆಲಸದ ಫಲ 5 ಸೆಂ.ಮೀ. ಮಾತ್ರ. ನೆಡುವ ಮುಂಚೆ ಒಂದು ಪೂರ್ಣ ವರ್ಷವಾದರೂ ಅಳೆಯದಿದ್ದರೆ ಈ ಕಳೆಯುವ ಲೆಕ್ಕವನ್ನೇ ಮಾಡಲಾಗದು. ಅನುದಾನ ಬಂದ ತಿಂಗಳೇ ಸಸಿ ನೆಡುವ ಆತುರದಲ್ಲಿ ಹೋಗುವುದು ಈ ಒಂದು ವರ್ಷ.

ಮಣ್ಣು

ದಂಡೆ ಎಷ್ಟು ಕೊಚ್ಚಿಹೋಗುತ್ತಿದೆ ಎಂದು ತಿಳಿಯಲು ಅಗ್ಗದ ಉಪಾಯವೆಂದರೆ ಕಬ್ಬಿಣದ ಸರಳು. 10 ಮಿ.ಮೀ. ದಪ್ಪದ, ಒಂದು ಮೀಟರ್ ಉದ್ದದ ಸರಳುಗಳನ್ನು ದಂಡೆಯ ಮುಖಕ್ಕೆ ನೇರವಾಗಿ, ಅಡ್ಡಲಾಗಿ ಹೊಡೆದು 10 ಸೆಂ.ಮೀ. ಮಾತ್ರ ಹೊರಗೆ ಬಿಡಬೇಕು. ಹತ್ತು ಮೀಟರಿಗೊಂದು ಸಾಲು, ಪ್ರತಿ ಸಾಲಿನಲ್ಲಿ ಬುಡ, ನಡು, ಮೇಲೆ ಎಂದು ಮೂರು ಸರಳು. ಮುಂದಿನ ಭೇಟಿಯಲ್ಲಿ ಹೊರಗಿನ ಭಾಗ 14 ಸೆಂ.ಮೀ. ಇದ್ದರೆ 4 ಸೆಂ.ಮೀ. ಮಣ್ಣು ಹೋಗಿದೆ, 7 ಇದ್ದರೆ 3 ಸೆಂ.ಮೀ. ಹೂಳು ಬಂದು ಕೂತಿದೆ. ಸರಳಿನ ಮೇಲ್ಮಗ್ಗುಲು, ಕೆಳಮಗ್ಗುಲು ಎರಡೂ ಕಡೆ ಅಳೆದು ಸರಾಸರಿ ಬರೆಯಿರಿ, ಏಕೆಂದರೆ ನೀರು ಸರಳಿನ ಸುತ್ತ ಚಿಕ್ಕ ಕುಳಿ ಕೊರೆಯುತ್ತದೆ.

ಮಸಾರಿ (ಕೆಂಪು) ಮಣ್ಣಿನಲ್ಲಿ ಇಷ್ಟು ಸಾಕು. ಎರೆಮಣ್ಣಿನಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ಸಾಲದು. ಎರೆ ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ, ಕೈ ಮುಳುಗುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದೊಡನೆ ಉಬ್ಬುತ್ತದೆ. ಅದರೊಂದಿಗೆ ಸರಳೂ ಹಿಂದೆ ಮುಂದೆ ಸರಿಯುತ್ತದೆ. ನಾವು ಮೊದಲ ವರ್ಷ ಫೆಬ್ರುವರಿಯ ಹಸಿ ದಂಡೆಯಲ್ಲಿ ಹೊಡೆದ ಸರಳುಗಳನ್ನು ಮೇ ತಿಂಗಳ ಬಿಸಿಲಿನಲ್ಲಿ ಅಳೆದು, ಅಲೆಯೇ ಮುಟ್ಟದ ಮೇಲ್ಪಟ್ಟಿಯಲ್ಲಿ 3 ಸೆಂ.ಮೀ. ಮಣ್ಣು ಹೋಗಿದೆ ಎಂದು ಬರೆದುಕೊಂಡಿದ್ದೆವು. ಮಣ್ಣು ಎಲ್ಲಿಗೂ ಹೋಗಿರಲಿಲ್ಲ, ಕುಗ್ಗಿತ್ತು. ಅಂದಿನಿಂದ ಎರೆ ದಂಡೆಯನ್ನು ಪ್ರತಿ ವರ್ಷ ಒಂದೇ ಹದದಲ್ಲಿ, ಅಂದರೆ ನೀರು ಇಳಿದು ಹತ್ತು ಹದಿನೈದು ದಿನಗಳಾದ ಮೇಲೆ, ಬಿರುಕು ಕಾಣುವ ಮುಂಚೆ ಅಳೆಯುತ್ತೇವೆ. ಆಳದ ಬಿರುಕಿರುವ ಕಡೆ ಸರಳಿನ ಉದ್ದವನ್ನು ಒಂದೂವರೆ ಮೀಟರಿಗೆ ಏರಿಸಿದರೆ ಒಳಗಿನ ತುದಿ ಅಲುಗದ ಮಣ್ಣಿನಲ್ಲಿ ಕೂರುತ್ತದೆ.

ಇನ್ನೊಂದು ಕಾಟ ಗುಜರಿಯದು. ಕಬ್ಬಿಣ ಕಂಡರೆ ಯಾರಾದರೂ ಕಿತ್ತುಕೊಂಡು ಹೋಗುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಪ್ರತಿ ಸರಳಿನ ಜಾಗವನ್ನು ಎರಡು ಖಾಯಂ ಗುರುತುಗಳಿಂದ ಟೇಪಿನಲ್ಲಿ ಅಳೆದು ಬರೆದಿಡಿ, ಮೀನುಗಾರರಿಗೂ ಕುರಿಗಾರರಿಗೂ ಅದು ಏನೆಂದು ಹೇಳಿಡಿ. ಜಿಪಿಎಸ್ ಗುರುತನ್ನು ಮಾತ್ರ ನೆಚ್ಚಬೇಡಿ. ಮೊಬೈಲಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ, ಕೆಸರಿನಲ್ಲಿ ಹೂತ ಸರಳನ್ನು ಅದರಿಂದ ಹುಡುಕಲಾಗದು.

ಕೆಳಪಟ್ಟಿಯಲ್ಲಿ ಕೊಚ್ಚುವುದಕ್ಕಿಂತ ಹೂಳು ಕೂರುವುದು ಹೆಚ್ಚು. ಅಲ್ಲಿ ಅಂಗೈಯಗಲದ ಟೈಲ್ಸ್ ತುಂಡನ್ನು ನೆಲಕ್ಕೆ ಸಮನಾಗಿ ಕೂರಿಸಿ, ಮುಂದಿನ ಬೇಸಿಗೆಯಲ್ಲಿ ಸೈಕಲ್ ಸ್ಪೋಕಿನ ಕಡ್ಡಿಯನ್ನು ಹೂಳಿನೊಳಗೆ ಚುಚ್ಚಿ, ಅದು ಟೈಲ್ಸಿಗೆ ಟಕ್ಕೆಂದು ತಾಗುವವರೆಗಿನ ಆಳವನ್ನು ಅಳೆದರೆ ವರ್ಷದ ಹೂಳು ಗೊತ್ತಾಗುತ್ತದೆ. ಒಂದು ಟೈಲ್ಸಿನ ಮೇಲೆ ಐದು ಕಡೆ ಚುಚ್ಚಿ ಸರಾಸರಿ ತೆಗೆಯಿರಿ.

ಈ ಅಂಕಿಗಳನ್ನು ಊರಿನವರಿಗೆ ಹೇಳುವಾಗ ಬ್ರಾಸ್ ಲೆಕ್ಕಕ್ಕೆ ತಿರುಗಿಸಿದರೆ ಕೂಡಲೇ ಅರ್ಥವಾಗುತ್ತದೆ. 100 ಮೀಟರ್ ಉದ್ದ, 2 ಮೀಟರ್ ಎತ್ತರದ ದಂಡೆ ಸರಾಸರಿ 4 ಸೆಂ.ಮೀ. ಹಿಂದೆ ಸರಿದರೆ ಹೋದ ಮಣ್ಣು 8 ಘನ ಮೀಟರ್; ಒಂದು ಬ್ರಾಸ್ ಎಂದರೆ 100 ಘನ ಅಡಿ, ಅಂದರೆ 2.83 ಘನ ಮೀಟರ್, ಹಾಗಾಗಿ ಇದು ಮೂರು ಬ್ರಾಸಿಗೆ ಸ್ವಲ್ಪ ಕಡಿಮೆ. ಆದರೆ ಇದರಿಂದ ಜಲಾಶಯದ ಹೂಳಿನ ಸಮಸ್ಯೆ ತೀರುತ್ತದೆ ಎಂದು ಭಾಷಣ ಮಾಡಬಾರದು. 1953ರಲ್ಲಿ ಸುಮಾರು 133 ಟಿಎಂಸಿ ಇದ್ದ ಸಂಗ್ರಹ ಸಾಮರ್ಥ್ಯ ಈಗ ಸುಮಾರು 105 ಟಿಎಂಸಿಗೆ ಇಳಿದಿರುವುದು ಮೇಲಿನ ಇಡೀ ಜಲಾನಯನ ಪ್ರದೇಶದಿಂದ ಬಂದ ಹೂಳಿನಿಂದ. ನಮ್ಮ ನೂರು ಮೀಟರ್ ಕಾಪಾಡುವುದು ಪಕ್ಕದ ಹೊಲವನ್ನು ಮತ್ತು ಅಂಚಿನ ಜೀವಿಗಳನ್ನು.

ಪಕ್ಕದ ಹೊಲ ಎಂದಾಗ ಒಂದು ಎಚ್ಚರಿಕೆ. ದಂಡೆಯ ಒಂದು ತುಂಡನ್ನು ಬಿಗಿ ಮಾಡಿದರೆ ನೀರಿನ ಹೊಡೆತ ಅದರ ಎರಡು ತುದಿಗಳಿಗೆ ತಿರುಗುವುದುಂಟು; ಕಲ್ಲಿನ ಪಿಚ್ಚಿಂಗ್ (ಕಲ್ಲುಹೊದಿಕೆ) ಮಾಡಿದ ಕಡೆ ಇದು ಢಾಳಾಗಿ ಕಾಣುತ್ತದೆ, ನಾರಿನ ಉರುಳೆ ಹಾಕಿದ ಕಡೆಯೂ ಸ್ವಲ್ಪ ಇರುತ್ತದೆ. ಆದ್ದರಿಂದ ನಿಮ್ಮ ಕೆಲಸದ ಎರಡೂ ತುದಿಗಳ ಆಚೆ ಐದೈದು ಮೀಟರಿನಲ್ಲಿ ಹೆಚ್ಚುವರಿ ಸರಳು ಹೊಡೆಯಿರಿ. ಪಕ್ಕದ ರೈತರು ‘ನೀವು ಮಾಡಿದ್ದರಿಂದ ನಮ್ಮ ಬದು ಹೋಯಿತು’ ಎಂದರೆ ಹೌದೋ ಅಲ್ಲವೋ ಎಂದು ಅಳೆದು ಹೇಳುವುದು ನಿಮ್ಮ ಹೊಣೆ.

ಗಿಡಗಳು

ನೆಟ್ಟ ಸಸಿಗಳನ್ನು ಎಣಿಸುವುದು ಮೊದಲ ಕೆಲಸ. 200 ನೆಟ್ಟಲ್ಲಿ 128 ಬದುಕಿದರೆ ಶೇ. 64. ಈ ಎಣಿಕೆಯನ್ನು ಒಟ್ಟಾಗಿ ಬರೆಯದೆ ಪಟ್ಟಿವಾರು, ಜಾತಿವಾರು ಬರೆಯಬೇಕು; ಹೊಂಗೆ ಮೇಲ್ಪಟ್ಟಿಯಲ್ಲಿ ಚೆನ್ನಾಗಿ ಬಂದು ನಡುಪಟ್ಟಿಯಲ್ಲಿ ಸತ್ತಿದ್ದರೆ ಆ ಸುದ್ದಿ ಶೇ. 64ರೊಳಗೆ ಹೂತುಹೋಗುತ್ತದೆ. ಮೊದಲ ಮುಳುಗಡೆಯ ಮುಂಚೆ ಮಾಡಿದ ಎಣಿಕೆಗೆ ಬೆಲೆಯಿಲ್ಲ. ನೀರು ಏರಿ, ನಿಂತು, ಇಳಿದ ಮೇಲೆ ಚಿಗುರಿದ್ದನ್ನು ಮಾತ್ರ ಬದುಕಿದ್ದು ಎನ್ನಬೇಕು. ಒಣಗಿದಂತೆ ಕಾಣುವ ಲಕ್ಕಿಯ ಕಾಂಡವನ್ನು ಉಗುರಿನಿಂದ ಕೆರೆದು ನೋಡಿ. ಒಳತೊಗಟೆ ಹಸಿರಾಗಿದ್ದರೆ ಇನ್ನೂ ಜೀವವಿದೆ.

ಎರಡನೆಯದು ಹೊದಿಕೆ. ಪಿವಿಸಿ ಪೈಪಿನಿಂದ ಒಂದು ಮೀಟರ್ ಚೌಕದ ಚೌಕಟ್ಟು ಮಾಡಿಕೊಂಡು, ಪ್ರತಿ ಪಟ್ಟಿಯಲ್ಲಿ ಮೊದಲೇ ಗೊತ್ತುಮಾಡಿದ ಹತ್ತು ಜಾಗಗಳಲ್ಲಿ ನೆಲದ ಮೇಲಿಟ್ಟು, ಅದರೊಳಗೆ ಹುಲ್ಲು, ಜೇಕು, ಪೊದೆ, ತರಗೆಲೆ, ಬರಿನೆಲ ಶೇಕಡಾ ಎಷ್ಟೆಷ್ಟು ಎಂದು ಅಂದಾಜಿಸಬೇಕು. ಚೆನ್ನಾಗಿ ಬೆಳೆದ ಕಡೆ ಚೌಕಟ್ಟು ಇಡುವ ಆಸೆಯಾಗುವುದು ಸಹಜ. ಅದಕ್ಕೇ ಜಾಗಗಳನ್ನು ನೆಡುವ ಮುಂಚೆಯೇ ಗೊತ್ತುಮಾಡಬೇಕು. ಇಬ್ಬರು ಬೇರೆ ಬೇರೆಯಾಗಿ ಅಂದಾಜಿಸಿ ಆಮೇಲೆ ಹೋಲಿಸಿ ನೋಡುವುದು ಒಳ್ಳೆಯ ಅಭ್ಯಾಸ. ಮೊದಲ ದಿನ ನಮ್ಮಿಬ್ಬರ ಅಂದಾಜಿನ ನಡುವೆ ಮೂವತ್ತು ಅಂಕಗಳ ಅಂತರವಿತ್ತು.

ಹಸಿರೆಲ್ಲ ಒಳ್ಳೆಯದಲ್ಲ ಎಂಬುದಕ್ಕೆ ನಮ್ಮ ಒಂದು ಪೆದ್ದುತನವನ್ನು ಹೇಳಲೇಬೇಕು. ಕುರಿ, ಮೇಕೆ ಬರದಂತೆ ನೆಟ್ಟ ಪಟ್ಟಿಯ ಸುತ್ತ ಬಳ್ಳಾರಿ ಜಾಲಿಯ ಮುಳ್ಳು ಕಡಿದು ಬೇಲಿ ಹಾಕಿದ್ದೆವು. ಸುಲಭವಾಗಿ ಸಿಗುವ ಮುಳ್ಳು ಅದೇ. ಆ ಕೊಂಬೆಗಳಲ್ಲಿ ಮಾಗಿದ ಕಾಯಿಗಳಿದ್ದವು. ಸಂದಿಯಲ್ಲಿ ನುಗ್ಗಿದ ಮೇಕೆಗಳು ಕಾಯಿ ತಿಂದು ಒಳಗೇ ಹಿಕ್ಕೆ ಹಾಕಿದವು, ಬೀಜಗಳು ಹಿಕ್ಕೆಯಲ್ಲಿ ಕೆಡದೆ ಮೊಳೆತವು. ಮರುವರ್ಷ ನಮ್ಮ ಪುಸ್ತಕದಲ್ಲಿ ‘ಪೊದೆಯ ಹೊದಿಕೆ’ ಎರಡು ಪಟ್ಟಾಗಿತ್ತು, ಸಂತೋಷವೂ ಆಗಿತ್ತು. ಜಾತಿವಾರು ಬೇರ್ಪಡಿಸಿ ನೋಡಿದಾಗ ಹೆಚ್ಚಿದ್ದೆಲ್ಲ ಹೊರದೇಶದಿಂದ ಬಂದು ಬೇರೆ ಗಿಡಗಳನ್ನು ಒತ್ತರಿಸಿ ಹಬ್ಬುವ ಬಳ್ಳಾರಿ ಜಾಲಿ. ಈಗ ನಮ್ಮ ನಮೂನೆಯಲ್ಲಿ ಬಳ್ಳಾರಿ ಜಾಲಿಗೂ ಅಂತರಗಂಗೆಗೂ ಬೇರೆ ಅಂಕಣಗಳಿವೆ, ಬೇಲಿಗೆ ಕಾಯಿ ಇಲ್ಲದ ಕಾಲದಲ್ಲಿ ಕಡಿದ ಮುಳ್ಳು ಮಾತ್ರ ಬರುತ್ತದೆ. ಆಪಿನ ವಿಷಯದಲ್ಲೂ ಹುಷಾರಾಗಿರಬೇಕು: ಅದು ನಮ್ಮದೇ ಗಿಡ, ದಂಡೆಗೆ ಒಳ್ಳೆಯದು, ಆದರೆ ಊರಿನ ಕೊಳಚೆ ಸೇರುವ ಕೆರೆಯಲ್ಲಿ ಕೆಲವೇ ವರ್ಷಗಳಲ್ಲಿ ಬೇರೆಲ್ಲವನ್ನೂ ಒತ್ತರಿಸಿ ಕೆರೆಯನ್ನೇ ತುಂಬಿಬಿಡುತ್ತದೆ. ಅದರ ಅಂಚು ಒಳಗೆ ಎಷ್ಟು ಮೀಟರ್ ಸರಿದಿದೆ ಎಂದು ವರ್ಷಕ್ಕೊಮ್ಮೆ ಅಳೆದರೆ ಸಾಕು.

ಫೋಟೋ ತೆಗೆಯುವುದಾದರೆ ಹೂತಿಟ್ಟ ಕಲ್ಲಿನ ಮೇಲೆ ನಿಂತು, ಒಂದೇ ದಿಕ್ಕಿಗೆ, ಒಂದೇ ಎತ್ತರದಿಂದ, ಆ ದಿನದ ನೀರಿನ ಮಟ್ಟ ಬರೆದ ಹಲಗೆ ಚೌಕಟ್ಟಿನೊಳಗೆ ಕಾಣುವಂತೆ ತೆಗೆಯಿರಿ.

ನೀರು

ನೀರಿನ ಗುಣಮಟ್ಟ ಅಳೆಯುವಲ್ಲಿ ಬಹಳ ಹಣ ವ್ಯರ್ಥವಾಗುತ್ತದೆ. ಎರಡು ನೂರು ಮೀಟರ್ ದಂಡೆ ತುಂಗಭದ್ರೆಯಂಥ ನದಿಯ ನೈಟ್ರೇಟನ್ನು ಬದಲಿಸಲಾರದು. ನದಿಯ ನಡುವಿನ ನೀರನ್ನು ಪ್ರಯೋಗಾಲಯಕ್ಕೆ ಕಳಿಸಿ ‘ಸುಧಾರಣೆ ಇಲ್ಲ’ ಎಂದು ನಿರಾಶರಾಗಬೇಕಿಲ್ಲ. ಅಳೆಯಬೇಕಾದದ್ದು ಪಟ್ಟಿಯನ್ನು ದಾಟಿ ಬರುವ ನೀರು. ಗಂಗಾವತಿ ಕಡೆಯ ಭತ್ತದ ಗದ್ದೆಗಳಿಂದ ಗೊಬ್ಬರ, ಔಷಧಿ ಬೆರೆತು ಬಸಿಯುವ ನೀರು ಹಳ್ಳ ಸೇರುವ ಮುಂಚೆ ನಿಮ್ಮ ಹುಲ್ಲಿನ ಪಟ್ಟಿಯ ಮೂಲಕ ಹಾಯುವಂತಿದ್ದರೆ, ಗದ್ದೆಯ ಅಂಚಿನಲ್ಲೊಂದು, ನೀರಿನ ಅಂಚಿನಲ್ಲೊಂದು ಮಾದರಿಯನ್ನು ಒಂದೇ ಗಂಟೆಯೊಳಗೆ ತೆಗೆಯಿರಿ. ಮುಂಗಾರಿನ ಮೊದಲ ಎರಡು ಮೂರು ಜೋರು ಮಳೆಗಳು ಇದಕ್ಕೆ ಸರಿಯಾದ ಸಮಯ. ಇಲ್ಲಿ ವರ್ಷಕ್ಕೆ ಬೀಳುವುದೇ ಸುಮಾರು 600 ಮಿ.ಮೀ., ಹಾಗಾಗಿ ಮೋಡ ಕವಿದ ದಿನ ಬಾಟಲಿಗಳು ಚೀಲದಲ್ಲಿರಬೇಕು.

ತಿಳಿತನಕ್ಕೆ 20 ಸೆಂ.ಮೀ. ಅಗಲದ, ಕಪ್ಪು ಬಿಳುಪು ಕಾಲುಭಾಗಗಳಾಗಿ ಬಣ್ಣ ಬಳಿದ ಸೆಕ್ಕಿ ತಟ್ಟೆಯನ್ನು ದಾರಕ್ಕೆ ಕಟ್ಟಿ ಇಳಿಸಿ, ಅದು ಕಣ್ಣಿಗೆ ಮರೆಯಾಗುವ ಆಳವನ್ನೂ, ಮೇಲೆತ್ತುವಾಗ ಮತ್ತೆ ಕಾಣುವ ಆಳವನ್ನೂ ಬರೆದು ಸರಾಸರಿ ತೆಗೆಯಬೇಕು. ಹರಿಗೋಲಿನಲ್ಲಿ ಕೂತು ನೆರಳಿನ ಮಗ್ಗುಲಿನಿಂದ ಇಳಿಸುವುದು ಅನುಕೂಲ. ನೀರಿನಲ್ಲಿ ಕರಗಿದ ಆಮ್ಲಜನಕ ಸೂರ್ಯೋದಯದ ಹೊತ್ತಿಗೆ ಅತಿ ಕಡಿಮೆ, ಮಧ್ಯಾಹ್ನ ಅತಿ ಹೆಚ್ಚು. ಒಂದು ವರ್ಷ ಬೆಳಿಗ್ಗೆ, ಇನ್ನೊಂದು ವರ್ಷ ಮಧ್ಯಾಹ್ನ ಅಳೆದು ಸುಧಾರಣೆ ಕಂಡವರಿದ್ದಾರೆ. ಮೀನುಗಾರಿಕೆಗೆ ಯೋಗ್ಯ ನೀರೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳುವ ಅಂಕಿಗಳು ಲೀಟರಿಗೆ ಕನಿಷ್ಠ 4 ಮಿ.ಗ್ರಾಂ. ಆಮ್ಲಜನಕ ಮತ್ತು 6.5ರಿಂದ 8.5ರ ನಡುವಿನ ಪಿಎಚ್.

ಜೀವಿಗಳು

ಬೇಗ ಉತ್ತರ ಹೇಳುವುದು ನೀರಿನ ಹುಳುಗಳು. ಸೊಳ್ಳೆಪರದೆಯ ಬಟ್ಟೆಯಿಂದ ಮಾಡಿದ ಬಲೆಯನ್ನು ಅಂಚಿನ ಜೇಕಿನ ಬುಡದಲ್ಲಿ ಮೂರು ನಿಮಿಷ ಆಡಿಸಿ, ಬಿಳಿ ತಟ್ಟೆಗೆ ಸುರಿದು ನೋಡಿ. ಏರೋಪ್ಲೇನ್ ಚಿಟ್ಟೆಯ ಮರಿಗಳು, ಮೇಫ್ಲೈ ಮರಿಗಳು, ಕಡ್ಡಿ ಮರಳಿನ ಗೂಡು ಹೊತ್ತು ತೆವಳುವ ಹುಳುಗಳು ಬಗೆಬಗೆಯಾಗಿ ಕಂಡರೆ ನೀರು ಚೆನ್ನಾಗಿದೆ. ಬರೀ ಕೆಂಪು ಎಳೆಹುಳುಗಳೇ ತುಂಬಿದ್ದರೆ ಆಮ್ಲಜನಕ ಕಡಿಮೆ. ಇದೇ ತಟ್ಟೆಯಲ್ಲಿ ಸೊಳ್ಳೆಯ ಮರಿಗಳನ್ನೂ ಎಣಿಸಿ ಬರೆಯಿರಿ, ಏಕೆಂದರೆ ‘ಆಪು ಬೆಳೆಸಿ ಸೊಳ್ಳೆ ಹೆಚ್ಚು ಮಾಡಿದಿರಿ’ ಎಂಬ ದೂರು ಬಂದೇ ಬರುತ್ತದೆ, ಅದು ಕೆಲವೊಮ್ಮೆ ನಿಜವೂ ಆಗಿರುತ್ತದೆ.

ಮೀನಿನ ವಿಷಯದಲ್ಲಿ ಬೆಸ್ತರ ಬಲೆಯ ತೂಕವನ್ನೇ ನೇರವಾಗಿ ದಂಡೆಯ ಲಾಭವೆಂದು ಬರೆಯುವುದು ತಪ್ಪು. ಕಟ್ಲಾ, ರೋಹು ಮರಿಗಳನ್ನು ಹೊರಗಿನಿಂದ ತಂದು ಬಿಡುತ್ತಾರೆ; ಅವು ಹೆಚ್ಚಿದರೆ ಬಿತ್ತನೆ ಹೆಚ್ಚಿದೆ ಎಂದರ್ಥ. ಅಂಚಿನ ಆಳವಿಲ್ಲದ ನೀರಿನಲ್ಲಿ, ಬೇರು ಜೇಕುಗಳ ನಡುವೆ, ಬಿಡದೆ ತಾವೇ ಹುಟ್ಟಿದ ಸಣ್ಣ ಮೀನುಗಳನ್ನು ಸಣ್ಣ ಕಣ್ಣಿನ ಬಲೆಯಿಂದ ಹಿಡಿದು, ಎಣಿಸಿ, ಅಲ್ಲೇ ಬಿಡಬೇಕು. ಬೆಸ್ತರ ಲೆಕ್ಕ ಬೇಕಿದ್ದರೆ ‘ಒಂದು ಬಲೆಗೆ, ಒಂದು ರಾತ್ರಿಗೆ ಎಷ್ಟು ಕೆಜಿ, ಯಾವ ಮೀನು’ ಎಂದು ಕೇಳಿ.

ಹಕ್ಕಿಗಳನ್ನು ಒಂದೇ ಜಾಗದಲ್ಲಿ ಹತ್ತು ನಿಮಿಷ ನಿಂತು, ಬೆಳಗಿನ ಮೊದಲ ಎರಡು ಗಂಟೆಯೊಳಗೆ ಎಣಿಸಬೇಕು. ಜನವರಿಯಲ್ಲಿ ಏಷ್ಯಾದಾದ್ಯಂತ ನೀರುಹಕ್ಕಿಗಳ ಗಣತಿ ನಡೆಯುತ್ತದೆ. ನಿಮ್ಮ ಎಣಿಕೆಯನ್ನು ಅದಕ್ಕೆ ಹೊಂದಿಸಿಕೊಂಡರೆ ದೊಡ್ಡ ಲೆಕ್ಕದೊಳಗೆ ಸೇರುತ್ತದೆ. ಇಲ್ಲಿ ಒಂದು ಇಕ್ಕಟ್ಟಿದೆ. ಮಿಂಚುಳ್ಳಿಗಳೂ ಕಳ್ಳಿಪೀರಗಳೂ ಗೂಡಿಗಾಗಿ ಬಿಲ ಕೊರೆಯುವುದು ಕಡಿದಾದ ಬರಿ ಮಣ್ಣಿನ ಗೋಡೆಯಲ್ಲಿ, ಅಂದರೆ ನಾವು ‘ಹಾಳಾದ ದಂಡೆ’ ಎಂದು ಕರೆದು ಇಳಿಜಾರು ಮಾಡಿ ಹುಲ್ಲು ಹೊದಿಸುವ ಜಾಗದಲ್ಲೇ. ಕೆಲಸಕ್ಕೆ ಮುಂಚೆ ಬಿಲಗಳನ್ನು ಎಣಿಸಿ, ಬಿಲವಿರುವ ತುಂಡನ್ನು ಹಾಗೆಯೇ ಬಿಡುವುದು ನನ್ನ ಅಭಿಪ್ರಾಯದಲ್ಲಿ ಸರಿಯಾದ ದಾರಿ.

ನೀರುನಾಯಿಗಳಿಗೆ 600 ಮೀಟರ್ ದಂಡೆಯನ್ನು ನಡೆದು ಹೆಜ್ಜೆ ಮತ್ತು ಹಿಕ್ಕೆ ಹುಡುಕುವುದು ಎಲ್ಲೆಡೆ ಬಳಕೆಯಲ್ಲಿರುವ ಪದ್ಧತಿ. ಬಂಡೆ ಅಥವಾ ಉಸುಕಿನ ಮೇಲೆ ಗುಂಪಾಗಿ ಹಾಕಿದ, ಮೀನಿನ ಹುರುಪೆ ತುಂಬಿದ, ಮೀನಿನ ವಾಸನೆಯ ಹಿಕ್ಕೆ ಅವುಗಳ ಗುರುತು. ತಾಜಾ ಮತ್ತು ಹಳೆಯದನ್ನು ಬೇರೆ ಬರೆಯಿರಿ, ಎತ್ತಿಕೊಂಡು ಬರಬೇಡಿ, ಬಿಲದ ಹತ್ತಿರ ಹೋಗಬೇಡಿ.

ಇಂಗಾಲ ಮತ್ತು ಜನ

ದಂಡೆಯ ಮಣ್ಣು ಎಷ್ಟು ಇಂಗಾಲವನ್ನು ಹಿಡಿದಿಟ್ಟಿದೆ ಎಂಬ ಲೆಕ್ಕ ಕೇಳುವವರು ಹೆಚ್ಚಾಗಿದ್ದಾರೆ. ಗೊತ್ತಿರುವ ಗಾತ್ರದ ಕೊಳವೆಯಿಂದ 30 ಸೆಂ.ಮೀ. ಆಳದ ಮಣ್ಣು ತೆಗೆದು, 105 ಡಿಗ್ರಿಯಲ್ಲಿ ಒಣಗಿಸಿ ತೂಗಿದರೆ ಸಾಂದ್ರತೆ ಸಿಗುತ್ತದೆ. ಇಂಗಾಲದ ಶೇಕಡಾವನ್ನು ಪ್ರಯೋಗಾಲಯ ಹೇಳುತ್ತದೆ. ಸಾಂದ್ರತೆ ಘನ ಸೆಂ.ಮೀ.ಗೆ 1.4 ಗ್ರಾಂ, ಇಂಗಾಲ ಶೇ. 0.8 ಆದರೆ, 1.4, 0.8 ಮತ್ತು ಆಳದ 30 ಮೂರನ್ನೂ ಗುಣಿಸಿ ಹೆಕ್ಟೇರಿಗೆ 33.6 ಟನ್. ಐದು ವರ್ಷಕ್ಕಿಂತ ಮುಂಚೆ ಮತ್ತೆ ಅಳೆಯುವುದು ಹಣ ಕಳೆದಂತೆ. ಹೊರದೇಶದ ಉಪ್ಪುಜವುಗಿನ ಅಂಕಿಯನ್ನು ತಂದು ನಮ್ಮ ಎರೆ ದಂಡೆಗೆ ಗುಣಿಸುವುದಂತೂ ಬೇಡ.

ಜನರಿಂದ ಕೇಳುವಾಗ ಕುರಿಗಾರರು, ಬೆಸ್ತರು, ಬಟ್ಟೆ ಒಗೆಯಲು ಬರುವ ಹೆಣ್ಣುಮಕ್ಕಳು, ಪಕ್ಕದ ಹೊಲದವರು ಇವರನ್ನು ಬೇರೆ ಬೇರೆಯಾಗಿ ಕೇಳಿ; ಒಬ್ಬರ ಲಾಭ ಇನ್ನೊಬ್ಬರ ದಾರಿಗೆ ಅಡ್ಡವಾಗಿರುತ್ತದೆ. ‘ಅನುಕೂಲವಾಯಿತಾ’ ಎಂದು ಕೇಳಿದರೆ ಎಲ್ಲರೂ ಮರ್ಯಾದೆಗೆ ಹೌದೆನ್ನುತ್ತಾರೆ. ‘ಈ ಬೇಸಿಗೆಯಲ್ಲಿ ಕುರಿಗೆ ನೀರು ಎಲ್ಲಿ ಕುಡಿಸಿದಿರಿ, ಹೋದ ಸಲ ಎಲ್ಲಿ’ ಎಂದು ಕೇಳಿದರೆ ಕೆಲಸಕ್ಕೆ ಬರುವ ಉತ್ತರ ಸಿಗುತ್ತದೆ. ಕೊಪ್ಪಳದಲ್ಲಿ 2019ರಲ್ಲಿ ಗವಿಮಠದ ಅಭಿನವ ಗವಿಸಿದ್ದೇಶ್ವರ ಸ್ವಾಮೀಜಿಯವರ ನೇತೃತ್ವದಲ್ಲಿ ಹಿರೇಹಳ್ಳವನ್ನು ಜನರೇ ಸೇರಿ ಸ್ವಚ್ಛಗೊಳಿಸಿದ್ದನ್ನು ಕಂಡವರಿಗೆ, ಇಲ್ಲಿ ಕೈ ಜೋಡಿಸುವವರಿಗೆ ಕೊರತೆಯಿಲ್ಲ ಎಂದು ಹೇಳಬೇಕಾಗಿಲ್ಲ; ಕೊರತೆಯಿರುವುದು ಕೆಲಸ ಮುಗಿದ ಮರುವರ್ಷ ಟೇಪು ಹಿಡಿದು ಬರುವವರಿಗೆ.

ಪುಸ್ತಕ ಮತ್ತು ವರ್ಷದ ಓಡಾಟ

ವರ್ಷಕ್ಕೆ ಮೂರು ಭೇಟಿ ಸಾಕು. ನೀರು ಇಳಿಯತೊಡಗಿ, ನಿಮ್ಮ ಪಟ್ಟಿ ಹೊರಬಿದ್ದು ಹತ್ತು ಹದಿನೈದು ದಿನಗಳಾದಾಗ ಸರಳು, ಸಸಿ, ಚೌಕಟ್ಟುಗಳ ದೊಡ್ಡ ಅಳತೆ. ಜನವರಿಯಲ್ಲಿ ಹಕ್ಕಿ, ನೀರುನಾಯಿ. ಮೇ ಕೊನೆಯಲ್ಲಿ ಟೈಲ್ಸ್, ದುರಸ್ತಿ. ಮಳೆಯ ದಿನದ ನೀರಿನ ಮಾದರಿ ಇದರ ಹೊರಗೆ. ಪ್ರತಿ ಹಾಳೆಯ ಮೇಲ್ತುದಿಯಲ್ಲಿ ತಾರೀಖು, ಸಮಯ, ಜಲಾಶಯದ ಮಟ್ಟ, ಅಳೆದವರ ಹೆಸರು ಇರಬೇಕು. ಸಂಜೆಯೇ ಪ್ರತಿ ಹಾಳೆಯ ಫೋಟೋ ತೆಗೆದು ಇಬ್ಬರ ಮೊಬೈಲಿನಲ್ಲಿ ಇಡಬೇಕು.

ಯಾವ ಅಂಕಿ ಬಂದರೆ ಏನು ಮಾಡುವುದು ಎಂದು ಮೊದಲೇ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಅಳತೆ ಅಳತೆಯಾಗಿಯೇ ಉಳಿಯುತ್ತದೆ. ನಾವು ಇಟ್ಟುಕೊಂಡ ನಿಯಮಗಳು ಹೀಗಿವೆ: ಒಂದು ಪಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಸಸಿ ಸತ್ತರೆ ಅದೇ ಜಾತಿಯನ್ನು ಅಲ್ಲಿ ಮತ್ತೆ ನೆಡುವುದಿಲ್ಲ, ಮುಳುಗಿದ ದಿನಗಳನ್ನು ನೋಡಿ ಬೇರೆಯದನ್ನು ಆರಿಸುತ್ತೇವೆ, ತುದಿಯ ಸರಳು ಹೋಲಿಕೆಯ ದಂಡೆಗಿಂತ ಎರಡು ಪಟ್ಟು ಮಣ್ಣು ಕಳೆದುಕೊಂಡರೆ ಆ ತುದಿಗೆ ಉರುಳೆಯನ್ನು ಓರೆಯಾಗಿ ಮುಂದುವರಿಸುತ್ತೇವೆ, ಬಳ್ಳಾರಿ ಜಾಲಿಯ ಸಸಿ ಒಂದು ಕಂಡರೂ ಬೇರು ಸಮೇತ ಕೀಳುತ್ತೇವೆ. ನಾರಿನ ಉರುಳೆ ಎರಡರಿಂದ ಐದು ವರ್ಷಗಳಲ್ಲಿ ಕೊಳೆಯುತ್ತದೆ, ಅದು ಕೊಳೆಯುವುದೇ ಉದ್ದೇಶ. ಅದರೊಳಗಿಂದ ಬೇರು ಹಾಯ್ದು ದಂಡೆಯೊಳಗೆ ಇಳಿದಿದೆಯೇ ಎಂದು ಮೂರನೆಯ ವರ್ಷ ಒಂದು ಕಡೆ ಬಗೆದು ನೋಡುತ್ತೇವೆ.

ಮೇ ಕೊನೆಯ ಭೇಟಿಯಲ್ಲಿ ಸರಳುಗಳ ತುದಿಗೆ ಹೊಸ ಬಣ್ಣ ಬಳಿದು ಸಂಖ್ಯೆ ಬರೆಯುವುದನ್ನು ಮರೆಯಬಾರದು. ಮುಂದಿನ ಬಾರಿ ಅವು ಕಾಣುವುದು ನೀರು ಇಳಿದ ಮೇಲೆ, ಅರ್ಧ ಹೂಳಿನಲ್ಲಿ, ಪಾಚಿ ಹಿಡಿದು. ಕೆಂಪು ಬಣ್ಣವಾದರೆ ಒದ್ದೆ ಬಟ್ಟೆಯಿಂದ ಒರೆಸಿದ ಕೂಡಲೇ ಸಂಖ್ಯೆ ಓದಲು ಬರುತ್ತದೆ.